ನೆಮ್ಮಾರಿಗೆ ಮುನ್ನ: ಕುಟುಂಬದ ದೂರಪ್ರಯಾಣಕ್ಕೆ ದಾರಿಯನ್ನು ಆರಿಸುವ ಬಗೆ

ಬೇಸಿಗೆ ರಜೆ, ದಸರಾ ರಜೆ, ವರ್ಷಾಂತ್ಯದ ಬಿಡುವು ಸಮೀಪಿಸಿದಂತೆ ಶ್ರೀಮಠದ ಕಚೇರಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಬಯಲುಸೀಮೆಯ ಭಕ್ತರು ತಂದೆತಾಯಿ, ಮಡದಿಮಕ್ಕಳೊಡನೆ ಸ್ವಂತ ವಾಹನದಲ್ಲೋ ಬಾಡಿಗೆ ವಾಹನದಲ್ಲೋ ಮಲೆನಾಡಿನ ಕಡೆಗೆ ಹೊರಡುತ್ತಾರೆ. ಬಾಳೆಹೊನ್ನೂರು, ಶೃಂಗೇರಿ, ಹೊರನಾಡು, ಅಲ್ಲಿಂದ ಘಟ್ಟವಿಳಿದು ಧರ್ಮಸ್ಥಳ ಅಥವಾ ಉಡುಪಿ, ಕೊನೆಗೆ ಮಕ್ಕಳ ಸಂತೋಷಕ್ಕಾಗಿ ಸಮುದ್ರ ಎಂಬುದು ಸಾಮಾನ್ಯವಾದ ಯೋಜನೆ. ಅವರು ಕೇಳುವ ಪ್ರಶ್ನೆ ಒಂದೇ: “ಹತ್ತಿರದ ದಾರಿ ಯಾವುದು?”

ಈ ಪ್ರಶ್ನೆಗೆ ಉತ್ತರಿಸುವುದು ಸುಲಭ. ಕೈಯಲ್ಲಿರುವ ಮೊಬೈಲೇ ಅದನ್ನು ಕ್ಷಣಮಾತ್ರದಲ್ಲಿ ಹೇಳಿಬಿಡುತ್ತದೆ. ಆದರೆ ಪ್ರಶ್ನೆಯೇ ಅಪೂರ್ಣವಾದುದು. ಒಂಟಿಯಾಗಿ ಹೋಗುವ ತರುಣನಿಗೂ, ಎಪ್ಪತ್ತೈದು ವಯಸ್ಸಿನ ತಾಯಿಯನ್ನೂ ನಾಲ್ಕು ವರ್ಷದ ಮಗುವನ್ನೂ ಕೂರಿಸಿಕೊಂಡು ಹೋಗುವ ಗೃಹಸ್ಥನಿಗೂ ಒಂದೇ ದಾರಿ ಉತ್ತಮವಾಗಲಾರದು. ಜನವರಿಯಲ್ಲಿ ಒಳ್ಳೆಯದಾದ ದಾರಿ ಜುಲೈನಲ್ಲಿ ಅಪಾಯಕಾರಿಯಾಗಬಹುದು. ಬೆಳಿಗ್ಗೆ ಹತ್ತು ಗಂಟೆಗೆ ಆನಂದ ನೀಡುವ ಕಾಡಿನ ರಸ್ತೆ ಸಂಜೆ ಏಳಕ್ಕೆ ಇಡೀ ಕುಟುಂಬಕ್ಕೆ ಆತಂಕ ತರಬಹುದು. ಆದುದರಿಂದ ದಾರಿಯನ್ನು ಕಿಲೋಮೀಟರುಗಳಿಂದಲೇ ಅಳೆಯದೆ, ಹೊತ್ತು, ಋತು ಮತ್ತು ವಾಹನದೊಳಗೆ ಕುಳಿತಿರುವ ಅತ್ಯಂತ ದುರ್ಬಲ ವ್ಯಕ್ತಿಯ ಸಾಮರ್ಥ್ಯ ಈ ಮೂರರಿಂದಲೂ ಅಳೆಯಬೇಕು. ಈ ಅಳತೆಯ ಕ್ರಮವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ದಾರಿಗಳನ್ನೇ ನಿದರ್ಶನವಾಗಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ನದಿಗಳು, ಎರಡು ದಾರಿಗಳು

ಈ ಮೂರು ತಾಲ್ಲೂಕುಗಳ ರಸ್ತೆಗಳನ್ನು ನೆನಪಿನಲ್ಲಿಟ್ಟುಕೊಳ್ಳಲು ಸುಲಭವಾದ ಉಪಾಯವೆಂದರೆ ನದಿಗಳನ್ನು ನೆನೆಯುವುದು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಕರಾವಳಿಯನ್ನು ಸೇರುತ್ತದೆ. ತುಂಗೆ ಮತ್ತು ಭದ್ರೆ ಪೂರ್ವದ ಕಡೆಗೆ ತಿರುಗಿ, ಬೇರೆಬೇರೆ ಕಣಿವೆಗಳಲ್ಲಿ ಹರಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗುತ್ತವೆ.

ತುಂಗೆಯ ಮಗ್ಗುಲಿನ ದಾರಿಯೇ ಇಂದಿನ ರಾಷ್ಟ್ರೀಯ ಹೆದ್ದಾರಿ 169. ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳನ್ನು ದಾಟಿ ಅದು ನೆಮ್ಮಾರಿಗೆ ಬರುತ್ತದೆ. ಅಲ್ಲಿಂದ ತನಿಕೋಡು, ಕೆರೆಕಟ್ಟೆಗಳ ಮೂಲಕ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾದು, ಎಸ್.ಕೆ. ಬಾರ್ಡರ್ ಎಂದು ಕರೆಯಲಾಗುವ ಗಡಿಯಲ್ಲಿ ಘಟ್ಟವಿಳಿದು, ಮಾಳ, ಬಜಗೋಳಿ, ಕಾರ್ಕಳ, ಮೂಡುಬಿದಿರೆಗಳ ಮೂಲಕ ಮಂಗಳೂರನ್ನು ಸೇರುತ್ತದೆ. ಎಸ್.ಕೆ. ಎಂಬುದು ಹಳೆಯ ಸೌತ್ ಕೆನರಾ ಜಿಲ್ಲೆಯ ಸಂಕ್ಷಿಪ್ತ ರೂಪ. ಜಿಲ್ಲೆಯ ಹೆಸರು ಬದಲಾಗಿ ಎಷ್ಟೋ ಕಾಲವಾದರೂ ಗಡಿಯ ಹೆಸರು ಹಾಗೆಯೇ ಉಳಿದಿದೆ.

ಭದ್ರೆಯ ಕಣಿವೆಯ ದಾರಿ ಬೇರೆ. ಶಿವಮೊಗ್ಗದಿಂದ ಉಂಬ್ಳೇಬೈಲಿನ ಮೇಲೆ ನರಸಿಂಹರಾಜಪುರ, ಅಲ್ಲಿಂದ ಬಾಳೆಹೊನ್ನೂರು, ಮುಂದೆ ಕಳಸ, ಹೊರನಾಡು. ಎರಡೂ ಕಣಿವೆಗಳನ್ನು ಜೋಡಿಸುವ ಅಡ್ಡದಾರಿಗಳು ಕೊಪ್ಪ, ಜಯಪುರಗಳ ಸುತ್ತ ಇವೆ. ಬಾಳೆಹೊನ್ನೂರಿಗಷ್ಟೇ ಹೋಗಬೇಕಾದವರು ಶೃಂಗೇರಿಯನ್ನು ಸುತ್ತಬೇಕಾದ ಅಗತ್ಯವಿಲ್ಲ. ಬೆಂಗಳೂರಿನ ಕಡೆಯಿಂದ ಬರುವವರಿಗಂತೂ ಚಿಕ್ಕಮಗಳೂರು, ಆಲ್ದೂರುಗಳ ಮೇಲಿನ ದಾರಿಯೇ ಅನುಕೂಲ. ಹೊರಡುವ ಮೊದಲು ಮನೆಯಲ್ಲಿ ಒಂದು ಕಾಗದದ ಮೇಲೆ ಈ ಎರಡು ನದಿಗಳನ್ನು ಗೆರೆ ಎಳೆದು, ತಾವು ನೋಡಬೇಕೆಂದಿರುವ ಊರುಗಳು ಯಾವ ಕಣಿವೆಯಲ್ಲಿವೆ ಎಂದು ಗುರುತಿಸಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ. ಒಂದು ದಿನ ಒಂದು ಕಣಿವೆ ಎಂಬ ನಿಯಮವನ್ನು ಪಾಲಿಸುವವರು ಸಾಮಾನ್ಯವಾಗಿ ದಣಿಯುವುದಿಲ್ಲ.

ದೂರದ ಲೆಕ್ಕ ಮತ್ತು ಹೊತ್ತಿನ ಲೆಕ್ಕ

ವಿಜಯಪುರದ ಒಂದು ಕುಟುಂಬ ಶೃಂಗೇರಿಗೆ ಹೊರಟಿದೆ ಎಂದುಕೊಳ್ಳೋಣ. ಅವರ ಮುಂದೆ ಎರಡು ಪ್ರಮುಖ ದಾರಿಗಳಿವೆ. ಮೊದಲನೆಯದು ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಹುಬ್ಬಳ್ಳಿ, ಅಲ್ಲಿಂದ ಹಾವೇರಿಯ ಮೇಲೆ ಶಿವಮೊಗ್ಗ. ಎರಡನೆಯದು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆ, ಚಿತ್ರದುರ್ಗ, ಅಲ್ಲಿಂದ ಶಿವಮೊಗ್ಗ. ಮೊದಲನೆಯದು ಶಿವಮೊಗ್ಗದವರೆಗೆ ಸುಮಾರು 400 ಕಿ.ಮೀ., ಎರಡನೆಯದು ಸುಮಾರು 440 ಕಿ.ಮೀ. ನಲವತ್ತು ಕಿಲೋಮೀಟರಿನ ಈ ವ್ಯತ್ಯಾಸವನ್ನೇ ಹಿಡಿದು ನಿರ್ಧರಿಸುವುದು ಸರಿಯಲ್ಲ. ದಾರಿಯಲ್ಲಿ ಕುಟುಂಬಕ್ಕೆ ಬೇಕಾದುದು ಏನಿದೆ ಎಂಬುದನ್ನೂ ನೋಡಬೇಕು. ಹೊಸಪೇಟೆಯ ದಾರಿಯಲ್ಲಿ ಕೂಡಲಸಂಗಮ ಹೆದ್ದಾರಿಗೆ ಸಮೀಪದಲ್ಲಿದೆ; ಮುಂಜಾನೆ ಹೊರಟವರು ಸಂಗಮದಲ್ಲಿ ದರ್ಶನ ಮಾಡಿ, ಪ್ರಸಾದ ಸ್ವೀಕರಿಸಿ ಮುಂದುವರಿಯಬಹುದು. ಹುಬ್ಬಳ್ಳಿಯ ದಾರಿಯಲ್ಲಿ ಹೋಗುವವರು ಹಾವೇರಿಯಿಂದ ಹಿರೇಕೆರೂರು, ಶಿಕಾರಿಪುರಗಳ ಮಾರ್ಗ ಹಿಡಿದರೆ, ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅದೇ ತಾಲ್ಲೂಕಿನಲ್ಲಿ ಸಿಗುತ್ತವೆ. ಹಿರಿಯರಿಗೆ ಒಂದು ದಾರಿಯಲ್ಲಿ ಎರಡು ಗಂಟೆಗಳ ವಿಶ್ರಾಂತಿಯೂ ಮನಸ್ಸಿಗೆ ತೃಪ್ತಿಯೂ ದೊರೆಯುವುದಾದರೆ, ನಲವತ್ತು ಕಿಲೋಮೀಟರು ಹೆಚ್ಚಾದ ಆ ದಾರಿಯೇ ಅವರಿಗೆ ಹತ್ತಿರದ ದಾರಿ.

ಇನ್ನು ಹೊತ್ತಿನ ಲೆಕ್ಕ. ಬಯಲಿನ ಚತುಷ್ಪಥ ಹೆದ್ದಾರಿಯಲ್ಲಿ ವಾಹನ ಗಂಟೆಗೆ 80 ಕಿ.ಮೀ. ಓಡಿದರೂ, ಊರುಗಳು, ಸುಂಕದ ಕಟ್ಟೆಗಳು, ದ್ವಿಪಥದ ಭಾಗಗಳು ಎಲ್ಲ ಸೇರಿ ಸರಾಸರಿ ಗಂಟೆಗೆ 60ನ್ನು ಮೀರುವುದು ಕಷ್ಟ. ಮಲೆನಾಡನ್ನು ಪ್ರವೇಶಿಸಿದ ಮೇಲೆ ಆ ಸರಾಸರಿ 35ಕ್ಕೆ ಇಳಿಯುತ್ತದೆ. ಘಟ್ಟದ ತಿರುವುಗಳಲ್ಲಿ 25 ಇದ್ದರೆ ಸಾಕು. ಹೀಗಾಗಿ ಶಿವಮೊಗ್ಗದವರೆಗಿನ 400 ಕಿ.ಮೀ.ಗೆ ಸುಮಾರು ಏಳು ಗಂಟೆಗಳಾದರೆ, ಶಿವಮೊಗ್ಗದಿಂದ ಶೃಂಗೇರಿಗೆ ಇರುವ ನೂರು ಕಿ.ಮೀ. ಆಸುಪಾಸಿನ ದಾರಿಗೇ ಮೂರು ಗಂಟೆಗಳು ಬೇಕಾಗುತ್ತವೆ. ಉಪಾಹಾರ, ಊಟ, ಚಹಾ, ಶೌಚ, ಮಕ್ಕಳ ಬೇಡಿಕೆ ಇವುಗಳಿಗೆ ಎರಡೂವರೆ ಗಂಟೆಗಳನ್ನು ಕೂಡಿಸಿದರೆ ಒಟ್ಟು ಹನ್ನೆರಡೂವರೆ ಗಂಟೆ. ಬೆಳಿಗ್ಗೆ ಐದಕ್ಕೆ ವಿಜಯಪುರವನ್ನು ಬಿಟ್ಟವರು ಶೃಂಗೇರಿ ತಲುಪುವಾಗ ಸಂಜೆ ಐದೂವರೆ. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಇಷ್ಟು. ಒಂದು ಪಂಕ್ಚರ್, ಒಂದು ಸಂತೆಯ ದಟ್ಟಣೆ, ಒಂದು ಮಗುವಿನ ವಾಂತಿ ಆದರೆ ಕೊನೆಯ ತಿರುವುಗಳೆಲ್ಲ ಕತ್ತಲಿನ ಪಾಲು.

ಆದುದರಿಂದ ಇಂತಹ ಪ್ರಯಾಣದಲ್ಲಿ ಮೊದಲ ರಾತ್ರಿಯನ್ನು ಶಿವಮೊಗ್ಗದಲ್ಲಿ ಕಳೆಯುವುದು ವಿವೇಕ. ಮರುದಿನ ಬೆಳಿಗ್ಗೆ ಹೊರಟರೆ ನಗರಕ್ಕೆ ಸಮೀಪದಲ್ಲೇ ಸಕ್ರೆಬೈಲಿನ ಆನೆ ಬಿಡಾರ, ಮುಂದೆ ಮಂಡಗದ್ದೆಯ ಪಕ್ಷಿಧಾಮ, ತೀರ್ಥಹಳ್ಳಿಯಲ್ಲಿ ತುಂಗಾತೀರ. ಮಧ್ಯಾಹ್ನದ ಊಟದ ವೇಳೆಗೆ ಶೃಂಗೇರಿ. ಅದೇ ದಾರಿ, ಅದೇ ವಾಹನ. ಆದರೆ ಹಿಂದಿನ ಸಂಜೆ ದಣಿವಿನಲ್ಲಿ ಕಣ್ಣುಮುಚ್ಚಿ ದಾಟಬೇಕಾಗಿದ್ದ ನಾಡನ್ನು ಕುಟುಂಬ ಈಗ ಕಣ್ತೆರೆದು ನೋಡಿರುತ್ತದೆ.

ಘಟ್ಟವಿಳಿಯುವ ದಾರಿಗಳು

ಶೃಂಗೇರಿಯಿಂದ ಕರಾವಳಿಗೆ ಇಳಿಯಬೇಕಾದವರು ನಿಜವಾದ ಆಯ್ಕೆಯನ್ನು ಎದುರಿಸುವುದು ಇಲ್ಲಿ.

ನೆಮ್ಮಾರಿನ ದಾರಿ: ಶೃಂಗೇರಿಯಿಂದ ನೈಋತ್ಯಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ನೆಮ್ಮಾರ್ ಇದೆ. ಅಲ್ಲಿಯವರೆಗೆ ತೋಟ, ಗದ್ದೆ, ಮನೆಗಳು ಕಾಣುತ್ತಿರುತ್ತವೆ. ತುಂಗೆ ರಸ್ತೆಗೆ ಸಮೀಪದಲ್ಲೇ ಹರಿಯುತ್ತಿರುತ್ತದೆ. ಅದನ್ನು ದಾಟಿ ಮುಂದೆ ಹೋದಂತೆ ಮನೆಗಳು ವಿರಳವಾಗಿ ಕಾಡು ಆವರಿಸುತ್ತದೆ. 1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಈ ರಸ್ತೆ ಸಾಗುತ್ತದೆ. ಅರಣ್ಯ ಇಲಾಖೆಯ ತಪಾಸಣಾ ಠಾಣೆಗಳಲ್ಲಿ ವಾಹನವನ್ನು ನಿಲ್ಲಿಸಿ ವಿವರ ಪಡೆಯುತ್ತಾರೆ. ಉದ್ಯಾನದೊಳಗೆ ಕಂಡಕಂಡಲ್ಲಿ ವಾಹನ ನಿಲ್ಲಿಸುವುದು, ತಿಂಡಿಯ ಪೊಟ್ಟಣಗಳನ್ನು ಎಸೆಯುವುದು, ಕೋತಿಗಳಿಗೆ ತಿನ್ನಲು ಕೊಡುವುದು ಸಲ್ಲದು. ಮೊಬೈಲ್ ಸಂಪರ್ಕ ಹಲವೆಡೆ ಇರುವುದಿಲ್ಲ. ಇಂಧನವನ್ನು ಶೃಂಗೇರಿಯಲ್ಲಿಯೇ ತುಂಬಿಸಿಕೊಳ್ಳಬೇಕು. ಕಾರ್ಕಳ, ಮೂಡುಬಿದಿರೆ, ಮಂಗಳೂರಿಗೆ ಹೋಗುವವರಿಗೆ ಇದು ನೇರವಾದ ದಾರಿ. ಧರ್ಮಸ್ಥಳಕ್ಕೆ ಹೋಗುವವರು ಬಜಗೋಳಿಯಲ್ಲಿ ತಿರುಗಿ ನಾರಾವಿ, ಗುರುವಾಯನಕೆರೆ, ಉಜಿರೆಗಳ ಮೂಲಕ ತಲುಪಬಹುದು. ಕುದುರೆಮುಖ, ಕಳಸದ ಕಡೆಗೆ ಕವಲೊಡೆಯುವ ರಸ್ತೆಯೂ ಎಸ್.ಕೆ. ಬಾರ್ಡರಿನಲ್ಲಿಯೇ ಇದೆ.

ಆಗುಂಬೆಯ ದಾರಿ: ಉಡುಪಿಗೆ ಹೋಗುವವರಿಗೆ ಇದು ಹತ್ತಿರ. ಶೃಂಗೇರಿಯಿಂದ ಆಗುಂಬೆಯ ಮೇಲೆ ಉಡುಪಿಗೆ ಸುಮಾರು 85 ಕಿ.ಮೀ.; ನೆಮ್ಮಾರ್, ಕಾರ್ಕಳಗಳ ಮೇಲೆ ಹೋದರೆ ನೂರನ್ನು ಮೀರುತ್ತದೆ. ಆದರೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಸ್ವಲ್ಪ ದೂರದಲ್ಲಿಯೇ ಹದಿನಾಲ್ಕು ಕಡಿದಾದ ತಿರುವುಗಳಿವೆ. ಭಾರೀ ವಾಹನಗಳಿಗೆ ಈ ಘಟ್ಟದಲ್ಲಿ ನಿರ್ಬಂಧವಿದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಸಣ್ಣ ಕಾರಿನಲ್ಲಿ, ಘಟ್ಟದ ಅನುಭವವಿರುವ ಚಾಲಕನೊಡನೆ, ಹಗಲಿನಲ್ಲಿ ಹೋಗುವವರಿಗೆ ಇದು ಸೊಗಸಾದ ದಾರಿ. ಇಪ್ಪತ್ತು ಜನರ ವಾಹನದಲ್ಲಿ ಹೋಗುವ ಬಂಧುಬಳಗಕ್ಕೆ, ತಿರುವುಗಳಲ್ಲಿ ತಲೆಸುತ್ತು ಬರುವವರಿಗೆ ಇದು ಯೋಗ್ಯವಲ್ಲ.

ಚಾರ್ಮಾಡಿಯ ದಾರಿ: ಭದ್ರೆಯ ಕಣಿವೆಯಲ್ಲಿರುವವರಿಗೆ, ಅಂದರೆ ಹೊರನಾಡು, ಕಳಸಗಳನ್ನು ನೋಡಿ ಧರ್ಮಸ್ಥಳಕ್ಕೆ ಹೋಗುವವರಿಗೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಅನುಕೂಲ. ಶೃಂಗೇರಿಯಲ್ಲಿರುವವರು ಇದಕ್ಕಾಗಿ ಅಷ್ಟು ದೂರ ಸುತ್ತಬೇಕಾಗಿಲ್ಲ.

ಈ ಮೂರರಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದರೆ, ಮರುದಿನ ಬೆಳಿಗ್ಗೆ ತಾವು ಎಲ್ಲಿರಬೇಕು, ಯಾವ ವಾಹನದಲ್ಲಿದ್ದೀರಿ, ಈಗ ಗಂಟೆ ಎಷ್ಟು ಎಂಬ ಮೂರು ಮರುಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಗಂಟೆ ಎಷ್ಟು ಎಂಬ ಪ್ರಶ್ನೆ

ಈ ಮೂರನೆಯ ಪ್ರಶ್ನೆಯನ್ನು ಜನ ಹೆಚ್ಚಾಗಿ ಕಡೆಗಣಿಸುತ್ತಾರೆ. ಶೃಂಗೇರಿಯಲ್ಲಿ ದರ್ಶನ, ಪ್ರಸಾದ, ಮೀನುಗಳಿಗೆ ಮಂಡಕ್ಕಿ ಹಾಕುವುದು, ಅಂಗಡಿಬೀದಿಯ ಸುತ್ತಾಟ ಮುಗಿಯುವ ಹೊತ್ತಿಗೆ ಸಂಜೆ ನಾಲ್ಕೂವರೆ ಆಗಿರುತ್ತದೆ. ಮೊಬೈಲಿನ ನಕ್ಷೆ, ಕಾರ್ಕಳಕ್ಕೆ ಎರಡು ಗಂಟೆಗೂ ಕಡಿಮೆ ಎಂದು ತೋರಿಸುತ್ತದೆ. ಕೊಠಡಿ ಮಾಡಿದರೆ ಖರ್ಚು, ಇಳಿದುಬಿಟ್ಟರೆ ನಾಳೆಯ ಅರ್ಧ ದಿನ ಉಳಿಯುತ್ತದೆ ಎಂಬ ಮಾತು ಬರುತ್ತದೆ. ಹಿರಿಯರು ಮೌನವಾಗಿರುತ್ತಾರೆ, ಏಕೆಂದರೆ ಮಗನಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ವಾಹನ ಹೊರಡುತ್ತದೆ.

ಡಿಸೆಂಬರ್ ತಿಂಗಳಿನಲ್ಲಿ ಈ ಭಾಗದಲ್ಲಿ ಆರು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಆದರೆ ದಟ್ಟ ಕಾಡಿನ ಕಣಿವೆಯಲ್ಲಿ ಕತ್ತಲು ಅದಕ್ಕೂ ಮೊದಲೇ ಬರುತ್ತದೆ. ಮಂಜು ಕವಿದರೆ ದೀಪದ ಬೆಳಕು ಎದುರಿನ ಬಿಳಿ ಗೋಡೆಗೆ ಬಡಿದು ಹಿಂದಿರುಗಿದಂತಾಗುತ್ತದೆ. ಕಡವೆಯೋ ಕಾಟಿಯೋ ರಸ್ತೆಗೆ ಅಡ್ಡಬರಬಹುದು. ವಾಹನ ಕೆಟ್ಟು ನಿಂತರೆ ಕರೆಮಾಡಲು ಸಂಪರ್ಕವಿಲ್ಲ, ಕೇಳಲು ಮನೆಗಳಿಲ್ಲ. ಉದ್ಯಾನದೊಳಗಿನ ಕುದುರೆಮುಖದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಕಳಸದ ಕಡೆಗೆ ಹೋಗಬೇಕೆಂದಿದ್ದವರು ಠಾಣೆಯಿಂದಲೇ ಹಿಂದಿರುಗಬೇಕಾದೀತು. ಇವೆಲ್ಲವೂ ಒಟ್ಟಿಗೆ ಸಂಭವಿಸುವುದು ಅಪರೂಪ. ಆದರೆ ಒಂದು ಸಂಭವಿಸಿದರೂ, ರಕ್ತದೊತ್ತಡದ ಮಾತ್ರೆಯನ್ನು ಎಂಟಕ್ಕೆ ತೆಗೆದುಕೊಳ್ಳಬೇಕಾದ ತಂದೆಗೂ ಹಸಿದ ಮಗುವಿಗೂ ಆ ರಾತ್ರಿ ಬಹಳ ದೀರ್ಘವಾಗುತ್ತದೆ.

ಆದ್ದರಿಂದ ಭಕ್ತರಿಗೆ ನಾವು ಒಂದು ಸರಳವಾದ ನಿಯಮವನ್ನು ಸೂಚಿಸುತ್ತೇವೆ. ಘಟ್ಟವಿಳಿಯುವುದಾದರೆ ಶೃಂಗೇರಿಯನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಬಿಡಬೇಕು. ಮೂರಾಯಿತೆಂದರೆ ಆ ದಿನ ಇಳಿಯುವ ಮಾತಿಲ್ಲ. ಇದನ್ನು ಮನೆಯಿಂದ ಹೊರಡುವಾಗಲೇ ಎಲ್ಲರೆದುರು ಹೇಳಿಬಿಡಬೇಕು. ದಾರಿಯಲ್ಲಿ ಆ ಕ್ಷಣದ ಉತ್ಸಾಹದಲ್ಲಿ ಕೈಗೊಳ್ಳುವ ನಿರ್ಧಾರಕ್ಕಿಂತ ಮನೆಯ ಜಗಲಿಯಲ್ಲಿ ಕುಳಿತು ಮಾಡಿದ ನಿಯಮ ದೃಢವಾದುದು. ನೆಮ್ಮಾರಿನವರೆಗೆ ಬಂದು ಮನಸ್ಸು ಹಿಂಜರಿದರೂ ಹಿಂದಿರುಗಲು ಹತ್ತು ಕಿಲೋಮೀಟರುಗಳಷ್ಟೇ. ಶೃಂಗೇರಿಯಲ್ಲಿ ವಸತಿ, ಊಟ, ಆಸ್ಪತ್ರೆ ಎಲ್ಲವೂ ಇವೆ. ಕಾಡಿನ ನಡುವೆ ತಲುಪಿದ ಮೇಲೆ ಮುಂದಕ್ಕೂ ಹಿಂದಕ್ಕೂ ದೂರ ಸಮಾನ. ಪ್ರತಿಯೊಂದು ದೀರ್ಘ ಪ್ರಯಾಣದಲ್ಲಿಯೂ ಇಂತಹ ಒಂದು ‘ನೆಮ್ಮಾರ್’ ಇರುತ್ತದೆ. ಅದು ಸುಲಭವಾಗಿ ಹಿಂದಿರುಗಬಹುದಾದ ಕೊನೆಯ ಊರು. ನಕ್ಷೆಯಲ್ಲಿ ಅದನ್ನು ಮೊದಲೇ ಗುರುತಿಸಿ, ಅಲ್ಲಿಗೆ ಯಾವ ಹೊತ್ತಿಗೆ ಬಂದರೆ ಮುಂದುವರಿಯಬೇಕು, ಯಾವ ಹೊತ್ತಿಗೆ ಬಂದರೆ ತಂಗಬೇಕು ಎಂದು ನಿಶ್ಚಯಿಸಿಕೊಳ್ಳುವುದೇ ದಾರಿಯ ಆಯ್ಕೆಯ ತಿರುಳು.

ಋತುವಿನ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಾಡಿನ ಸ್ವಭಾವವೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ತುಂಗೆ ಉಕ್ಕಿದಾಗ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ನುಗ್ಗುವುದು ಅಲ್ಲಿನವರಿಗೆ ಹೊಸದಲ್ಲ. ನದಿಯ ಬದಿಯಲ್ಲಿ, ಗುಡ್ಡದ ಬುಡದಲ್ಲಿ ಸಾಗುವ ರಸ್ತೆಗಳಲ್ಲಿ ಮಣ್ಣು ಜರಿಯುವುದು, ಮರ ಬೀಳುವುದು ಸಾಮಾನ್ಯ.

ಕಳೆದ ಕೆಲವು ವರ್ಷಗಳ ಅನುಭವ ನಮಗೆ ಪಾಠವಾಗಬೇಕು. 2018ರಲ್ಲಿ ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿ ಘಟ್ಟ, ಜುಲೈನಲ್ಲಿ ತೆರೆದು ಆಗಸ್ಟಿನ ಭೂಕುಸಿತದಿಂದ ಮತ್ತೆ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಹಲವೆಡೆ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾಯಿತು. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಶಿರಾಡಿ ಮಾರ್ಗಕ್ಕೆ ಮಣ್ಣು ಕುಸಿಯಿತು. ಇವು ಕಾಡುದಾರಿಗಳಲ್ಲ, ನಾಡಿನ ಪ್ರಮುಖ ಹೆದ್ದಾರಿಗಳು. ಹೆದ್ದಾರಿ ಎಂಬ ಹೆಸರು ಮಳೆಗಾಲದಲ್ಲಿ ರಕ್ಷಣೆಯ ಭರವಸೆಯಲ್ಲ ಎಂಬುದನ್ನು ಇವು ತಿಳಿಸುತ್ತವೆ.

ಮಳೆಗಾಲದಲ್ಲಿ ಮಲೆನಾಡನ್ನು ನೋಡಬಾರದೆಂದಲ್ಲ. ವೃದ್ಧರು, ಮಕ್ಕಳು ಜೊತೆಗಿದ್ದರೆ ಆಗ ಘಟ್ಟವಿಳಿಯುವ ಯೋಜನೆ ಬೇಡ. ಕೊಪ್ಪದಲ್ಲಿಯೋ ಶೃಂಗೇರಿಯಲ್ಲಿಯೋ ಒಂದೇ ಕಡೆ ತಂಗಿ, ಸುತ್ತಲಿನ ಸ್ಥಳಗಳನ್ನು ಹಗಲಿನಲ್ಲಿ ನೋಡಿ, ಬಂದ ದಾರಿಯಲ್ಲೇ ಹಿಂದಿರುಗುವುದು ಒಳಿತು. ಅಕ್ಟೋಬರ್, ನವೆಂಬರ್‌ಗಳಲ್ಲಿ ಕಿಗ್ಗದ ಬಳಿಯ ಸಿರಿಮನೆ ಜಲಪಾತ ತುಂಬಿರುತ್ತದೆ. ಆದರೆ ಮಳೆಗೆ ಕಿತ್ತುಹೋದ ರಸ್ತೆಗಳ ದುರಸ್ತಿ ಇನ್ನೂ ನಡೆಯುತ್ತಿರುವುದರಿಂದ ಹೊತ್ತಿನ ಲೆಕ್ಕಕ್ಕೆ ಕಾಲುಭಾಗ ಕೂಡಿಸಿಕೊಳ್ಳಬೇಕು. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಎಲ್ಲಕ್ಕಿಂತ ಹಿತ. ಬೆಳಗಿನ ಮಂಜು ಕರಗುವವರೆಗೆ ಕಾದು ಹೊರಡಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಲೆನಾಡಿಗಿಂತ ಬಯಲಿನ ಬಿಸಿಲೇ ಹಿರಿಯರನ್ನು ಕಾಡುತ್ತದೆ. ಆಗ ಬಯಲಿನ ಭಾಗವನ್ನು ಬೆಳಿಗ್ಗೆ ಹನ್ನೊಂದರೊಳಗೆ ಸಾಧ್ಯವಾದಷ್ಟು ಮುಗಿಸಬೇಕು.

ವಾಹನದೊಳಗಿನವರು

ಕುಟುಂಬದ ಪ್ರಯಾಣದ ವೇಗವನ್ನು ನಿರ್ಧರಿಸಬೇಕಾದವರು ಚಾಲಕರಲ್ಲ, ಮನೆಯ ಯಜಮಾನರೂ ಅಲ್ಲ. ಹೆಚ್ಚು ಹೊತ್ತು ಕುಳಿತಿರಲಾರದ ಅಜ್ಜಿಯೇ ಅದನ್ನು ನಿರ್ಧರಿಸಬೇಕು. ಮಂಡಿನೋವಿರುವವರು ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಮಧುಮೇಹ ಇರುವವರಿಗೆ ಊಟದ ಹೊತ್ತು ತಪ್ಪಬಾರದು. ಅವರ ಔಷಧ ಕೈಚೀಲದಲ್ಲಿರಬೇಕೇ ಹೊರತು ಹಿಂದಿನ ಡಿಕ್ಕಿಯಲ್ಲಲ್ಲ. ಹೆಣ್ಣುಮಕ್ಕಳು ಸ್ವಚ್ಛ ಶೌಚಾಲಯ ಸಿಗುವುದೋ ಇಲ್ಲವೋ ಎಂಬ ಭಯದಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ; ಆದುದರಿಂದ ಎಲ್ಲೆಲ್ಲಿ ನಿಲ್ಲುವುದೆಂದು ಮೊದಲೇ ಗೊತ್ತುಮಾಡಿ ಅವರಿಗೆ ತಿಳಿಸಬೇಕು. ತಿರುವುಗಳಲ್ಲಿ ವಾಂತಿಯಾಗುವವರು ಹೊಟ್ಟೆತುಂಬ ಉಂಡು ಘಟ್ಟ ಹತ್ತಬಾರದು, ತೀರ ಹಸಿದಿರಲೂಬಾರದು. ಮೊಬೈಲ್ ನೋಡದೆ ಮುಂದಿನ ದೂರದ ದೃಶ್ಯದ ಮೇಲೆ ದೃಷ್ಟಿಯಿಟ್ಟರೆ ತಲೆಸುತ್ತು ಕಡಿಮೆಯಾಗುತ್ತದೆ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಬೇಕು.

ವಾಹನ ಚಾಲಕರ ವಿಷಯವನ್ನು ವಿಶೇಷವಾಗಿ ಹೇಳಬೇಕು. ಕಾಯಕದ ಗೌರವವನ್ನು ಮಾತಿನಲ್ಲಿ ಆಡುವ ನಾವು ಬಾಡಿಗೆ ವಾಹನದ ಚಾಲಕ ಎಲ್ಲಿ ಮಲಗಿದ, ಏನು ಉಂಡ ಎಂದು ವಿಚಾರಿಸದಿದ್ದರೆ ಆ ಮಾತಿಗೆ ಅರ್ಥವಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾರಿಗೆ ಸಂಸ್ಥೆಗಳ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನೂ, ಐದು ಗಂಟೆಗಳ ಒಳಗೆ ಅರ್ಧ ಗಂಟೆಯ ವಿರಾಮವನ್ನೂ ಸಾಮಾನ್ಯ ಮಿತಿಯಾಗಿ ಇಟ್ಟಿತ್ತು. ಸ್ವಂತ ಕಾರನ್ನು ಓಡಿಸುವ ಮಗನ ದೇಹವೂ ಅದೇ ಎಲುಬು ಮಾಂಸಗಳಿಂದ ಆದುದು. ಹನ್ನೆರಡು ಗಂಟೆ ಓಡಿಸಿದ ಮೇಲೆ ಘಟ್ಟದ ಮೊದಲ ತಿರುವನ್ನು ಎದುರಿಸುವ ಸ್ಥಿತಿ ಯಾರಿಗೂ ಬರಬಾರದು. ಕಾರಿನಲ್ಲಿ ಚಾಲನೆ ಬಲ್ಲವರು ಇಬ್ಬರಿದ್ದರೆ, ಬಯಲಿನಲ್ಲಿ ಒಬ್ಬರು, ಘಟ್ಟದಲ್ಲಿ ಅನುಭವವಿರುವ ಇನ್ನೊಬ್ಬರು ಎಂದು ಹಂಚಿಕೊಳ್ಳಬೇಕು.

ಒಂದು ಮಾದರಿ ಯೋಜನೆ

ವಿಜಯಪುರದ ಆ ಕುಟುಂಬಕ್ಕೆ ಐದು ದಿನಗಳಿವೆ ಎಂದಿಟ್ಟುಕೊಂಡರೆ, ಚಳಿಗಾಲದ ಯೋಜನೆ ಹೀಗಿರಬಹುದು. ಮೊದಲ ದಿನ ವಿಜಯಪುರದಿಂದ ಶಿವಮೊಗ್ಗ. ಎರಡನೆಯ ದಿನ ತೀರ್ಥಹಳ್ಳಿ, ಕೊಪ್ಪಗಳ ಮೇಲೆ ಶೃಂಗೇರಿ. ಸಂಜೆ ಅಲ್ಲಿಯೇ ವಾಸ್ತವ್ಯ. ಮೂರನೆಯ ದಿನ ಬೆಳಿಗ್ಗೆ ಮಂಜು ಕರಗಿದ ಮೇಲೆ ನೆಮ್ಮಾರಿನ ದಾರಿಯಲ್ಲಿ ಇಳಿದು, ಕಾರ್ಕಳದಲ್ಲಿ ಗೊಮ್ಮಟನ ದರ್ಶನ ಮಾಡಿ, ಉಡುಪಿಯಲ್ಲಿ ರಾತ್ರಿ. ನಾಲ್ಕನೆಯ ದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರ, ಮುರುಡೇಶ್ವರ, ಹೊನ್ನಾವರ, ಅಂಕೋಲಾ. ಅಲ್ಲಿಂದ ಅರಬೈಲು ಘಟ್ಟವೇರಿ ಯಲ್ಲಾಪುರದ ಮೇಲೆ ಹುಬ್ಬಳ್ಳಿ. ಐದನೆಯ ದಿನ ಹುಬ್ಬಳ್ಳಿಯಿಂದ ವಿಜಯಪುರ. ನಾಲ್ಕನೆಯ ದಿನ ತುಸು ದೀರ್ಘವಾದುದರಿಂದ, ಮುರುಡೇಶ್ವರದಲ್ಲಿ ಹೆಚ್ಚು ಹೊತ್ತು ಕಳೆಯಬಯಸುವವರು ಯಲ್ಲಾಪುರಕ್ಕೆ ಹೋಗದೆ ಅಂಕೋಲಾ, ಕುಮಟಾಗಳಲ್ಲಿ ತಂಗುವುದು ಮೇಲು.

ಈ ಯೋಜನೆಯಲ್ಲಿ ಬಾಳೆಹೊನ್ನೂರು, ಹೊರನಾಡು, ಧರ್ಮಸ್ಥಳ ಇಲ್ಲವಲ್ಲ ಎಂದು ಓದುಗರು ಕೇಳಬಹುದು. ಉದ್ದೇಶಪೂರ್ವಕವಾಗಿಯೇ ಇಲ್ಲ. ಅವುಗಳನ್ನು ನೋಡಬೇಕಾದವರು ಭದ್ರೆಯ ದಾರಿಯನ್ನು ಹಿಡಿಯಲಿ: ಶಿವಮೊಗ್ಗದಿಂದ ನರಸಿಂಹರಾಜಪುರ, ಬಾಳೆಹೊನ್ನೂರು, ಕಳಸ, ಹೊರನಾಡು, ಕೊಟ್ಟಿಗೆಹಾರ, ಚಾರ್ಮಾಡಿ, ಧರ್ಮಸ್ಥಳ. ಆಗ ಶೃಂಗೇರಿಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲಿ. ಐದು ದಿನಗಳಲ್ಲಿ ಎರಡೂ ಕಣಿವೆಗಳ ಎಲ್ಲ ಕ್ಷೇತ್ರಗಳನ್ನೂ ಮುಗಿಸುತ್ತೇವೆಂದು ಹೊರಟವರು ರಾತ್ರಿಯ ನಿದ್ದೆಯಿಂದಲೇ ಆ ಸಮಯವನ್ನು ಕಡಿದುಕೊಳ್ಳಬೇಕಾಗುತ್ತದೆ. ಖರ್ಚು ತಗ್ಗಿಸಬೇಕಾದರೆ ಒಂದು ಊರನ್ನು ಬಿಡಿ, ಒಂದು ರಾತ್ರಿಯ ತಂಗುವಿಕೆಯನ್ನು ಬಿಡಬೇಡಿ. ಮಠ, ದೇವಸ್ಥಾನಗಳ ಯಾತ್ರಿನಿವಾಸಗಳನ್ನು ಮುಂಚಿತವಾಗಿ ವಿಚಾರಿಸಿದರೆ ಮಿತವಾದ ವೆಚ್ಚದಲ್ಲಿ ವಸತಿ ದೊರೆಯುತ್ತದೆ.

ಹೊರಡುವ ಮುನ್ನ, ಇಳಿಯುವಾಗ

ಹೊರಡುವ ಹಿಂದಿನ ದಿನ ತಾವು ಹಾದುಹೋಗುವ ಜಿಲ್ಲೆಗಳ ಮಳೆ ಮುನ್ಸೂಚನೆಯನ್ನೂ ಜಿಲ್ಲಾಡಳಿತದ ಸಂಚಾರ ಆದೇಶಗಳನ್ನೂ ನೋಡಿಕೊಳ್ಳಿ. ತಂಗಲಿರುವ ಊರಿನವರಿಗೆ ಒಂದು ಕರೆಮಾಡಿ, “ರಸ್ತೆ ಹೇಗಿದೆ?” ಎಂದು ಕೇಳಿ. ಪ್ರತಿದಿನ ಆ ರಸ್ತೆಯಲ್ಲಿ ಓಡಾಡುವ ಬಸ್ಸಿನ ಚಾಲಕರಿಗೆ, ಹೋಟೆಲಿನವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿಯದು. ನಕ್ಷೆಯನ್ನು ಸಂಪರ್ಕವಿಲ್ಲದೆಯೂ ಕಾಣುವಂತೆ ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಿ. ಊರುಗಳ ಹೆಸರನ್ನು ಕ್ರಮವಾಗಿ ಕಾಗದದಲ್ಲಿಯೂ ಬರೆದಿಡಿ. ನಕ್ಷೆ ಹಠಾತ್ತನೆ ಕಾಫಿ ತೋಟದೊಳಗಿನ ಕಿರುದಾರಿಗೆ ತಿರುಗಲು ಹೇಳಿದರೆ, ಹತ್ತು ನಿಮಿಷ ಉಳಿಯುವುದೆಂಬ ಆಸೆಗೆ ಬೀಳದೆ ಬಸ್ಸು ಓಡಾಡುವ ರಸ್ತೆಯಲ್ಲಿಯೇ ಮುಂದುವರಿಯಿರಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033 ಸಂಖ್ಯೆಗಳನ್ನು ಎಲ್ಲರೂ ನೆನಪಿಟ್ಟಿರಲಿ. ಕಾಡಿಗೆ ಪ್ರವೇಶಿಸುವ ಮೊದಲು, “ಇಂತಹ ಹೊತ್ತಿಗೆ ಕಾರ್ಕಳ ತಲುಪುತ್ತೇವೆ” ಎಂದು ಮನೆಯಲ್ಲಿರುವ ಒಬ್ಬರಿಗೆ ತಿಳಿಸಿ ಮುಂದುವರಿಯುವುದು ಒಳ್ಳೆಯ ರೂಢಿ.

ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಹಿಡಿದು ಇಳಿಯಬಾರದು. ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಆ ಘಟ್ಟವನ್ನು ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಸೂತ್ರ. ಇಂಜಿನ್ ಆರಿಸಿ ಇಳಿಯುವುದು ಎಂದಿಗೂ ಸಲ್ಲದು. ಕಿರಿದಾದ ಘಟ್ಟದಲ್ಲಿ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಕೊಡಬೇಕೆಂಬುದು ಸಂಚಾರ ನಿಯಮವೇ ಆಗಿದೆ. ತಿರುವಿನಲ್ಲಿ ಹಾರ್ನ್ ಮಾಡಿ, ಎಡಬದಿಯನ್ನು ಬಿಡದೆ, ಎದುರಿನದು ಕಾಣುವವರೆಗೆ ಯಾರನ್ನೂ ಹಿಂದಿಕ್ಕದೆ ಸಾಗಬೇಕು.

ದೂರಪ್ರಯಾಣದಿಂದ ಹಿಂದಿರುಗಿದ ಕುಟುಂಬದವರು ಎಷ್ಟು ಕಿಲೋಮೀಟರು ಉಳಿಸಿದೆವೆಂದು ಯಾರೂ ನೆನೆಯುವುದಿಲ್ಲ. ಅಜ್ಜಿ ತುಂಗೆಯ ಮೆಟ್ಟಿಲಲ್ಲಿ ಕುಳಿತದ್ದು, ಮಗು ಮೊದಲ ಬಾರಿಗೆ ಆನೆಯನ್ನು ಹತ್ತಿರದಿಂದ ಕಂಡದ್ದು, ಕಾಡಿನ ನಡುವೆ ಎಲ್ಲರೂ ತಾವಾಗಿಯೇ ಮಾತು ನಿಲ್ಲಿಸಿದ್ದು ಇವೇ ಉಳಿಯುವ ನೆನಪುಗಳು. ಮಲೆನಾಡಿನ ಕಡೆಗೆ ಹೊರಟಿರುವ ಭಕ್ತರು ತಮ್ಮ ದಾರಿಯ ಬಗ್ಗೆ ಸಂದೇಹವಿದ್ದರೆ ಕಚೇರಿಯ ವೇಳೆಯಲ್ಲಿ ಶ್ರೀಮಠವನ್ನು ಸಂಪರ್ಕಿಸಬಹುದು. ಆಗ ನಾವು ಮೊದಲು ಕೇಳುವುದು ವಾಹನದಲ್ಲಿ ಯಾರು ಯಾರಿದ್ದಾರೆ ಎಂಬುದನ್ನು. ದಾರಿಯ ಮಾತು ಆಮೇಲೆ.

ಸರ್ವರ ಪ್ರಯಾಣವೂ ಸುಖಕರವಾಗಲಿ. ಶರಣು ಶರಣಾರ್ಥಿಗಳು.

— ಕಾರ್ಯದರ್ಶಿ, ಶ್ರೀಮಠ